“ಈಗ ನೀನು ಏನು ಮಾಡ್ತೀಯ?” – ರೋಲ್ ಪ್ಲೇಯಿಂಗ್ ಗೇಮ್‌ಗಳ ಚರಿತ್ರೆ, ಕಂಬಂ ಕಣಿವೆಯಲ್ಲಿ ಕೂತು



ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಯುವಕೂಟದ ಹನ್ನೆರಡು ಜನ ಬೆಂಗಳೂರಿನಿಂದ ರೈಲು ಹತ್ತಿ ದಿಂಡಿಗಲ್ಲಿಗೆ ಹೋಗಿದ್ದೆವು. ಅಲ್ಲಿ ಒಂದು ಹಳ್ಳಿಯಲ್ಲಿ ಪಾಸ್ಕಾ ನಾಟಕ ನೋಡುವುದು, ಆಮೇಲೆ ತೇನಿ ದಾಟಿ ಕಂಬಂ ಕಣಿವೆಯಲ್ಲಿ ಮೂರು ದಿನ ಉಳಿಯುವುದು ನಮ್ಮ ಯೋಜನೆ. ಹೊರಡುವ ಹಿಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಕೂಟದ ಒಬ್ಬ ತಮ್ಮನ ಅಪ್ಪ ನಮ್ಮನ್ನು ಪಕ್ಕಕ್ಕೆ ಕರೆದರು. ಮಗ ಆಗಷ್ಟೇ ಪಿಯುಸಿ ಪರೀಕ್ಷೆ ಬರೆದಿದ್ದ. “ರಾತ್ರಿ ಎರಡು ಗಂಟೆ ತನಕ ಅದೇ ಗೇಮ್. ಫೋನ್ ಕಿತ್ತು ಬೀರುವಿನಲ್ಲಿ ಇಟ್ಟೆ. ಹನ್ನೊಂದು ದಿನ ಆಯ್ತು, ನನ್ನ ಹತ್ರ ಒಂದು ಮಾತು ಆಡಿಲ್ಲ. ನಿಮ್ಮ ಮಾತಾದ್ರೂ ಕೇಳ್ತಾನೇನೋ, ಸ್ವಲ್ಪ ಬುದ್ಧಿ ಹೇಳ್ರಪ್ಪ” ಎಂದರು.

ನಮಗೆ ಏನು ಹೇಳಬೇಕೋ ತೋಚಲಿಲ್ಲ. ಯಾಕೆಂದರೆ ಅವನು ಆಡುವ ಗೇಮ್ ನಮ್ಮಲ್ಲಿ ಮೂರ್ನಾಲ್ಕು ಜನರ ಫೋನಿನಲ್ಲೂ ಇತ್ತು. ಬುದ್ಧಿ ಹೇಳುವ ಮೊದಲು ನಾವೇ ಒಂದು ವಿಷಯ ತಿಳಿದುಕೊಳ್ಳಬೇಕಿತ್ತು: ಈ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ, ಅಂದರೆ ನಾವು ಆರ್‌ಪಿಜಿ ಅನ್ನುವ ಆಟಗಳಲ್ಲಿ, ಹಿಡಿದು ಕೂರಿಸುವಂಥದ್ದು ಏನಿದೆ? ಅದು ಎಲ್ಲಿಂದ ಬಂತು? ಈ ಲೇಖನ ಆ ಪ್ರಯಾಣದಲ್ಲಿ ಮತ್ತು ಆಮೇಲೆ ನಾವು ಕಲಿತದ್ದು.

ವೇಷ ಕಟ್ಟಿದವರು

ದಿಂಡಿಗಲ್ ಸುತ್ತಮುತ್ತ ಹಳೆಯ ಕಥೋಲಿಕ ಹಳ್ಳಿಗಳು ಬಹಳ. ಮದುರೆಗೆ ರಾಬರ್ಟೊ ದೆ ನೊಬಿಲಿ ಬಂದದ್ದು 1606ರಲ್ಲಿ. ಯೇಸುಸಭೆಯ ಗುರುಗಳ ಓಡಾಟ ಈ ಸೀಮೆಯಲ್ಲಿ ಅಷ್ಟು ಹಳೆಯದು. ಇಲ್ಲಿನ ಹಳ್ಳಿಗಳಲ್ಲಿ ಕ್ರಿಸ್ತನ ಪಾಡು, ಮರಣ, ಪುನರುತ್ಥಾನದ ಕಥೆಯನ್ನು ಊರಿನವರೇ ವೇಷ ಕಟ್ಟಿ ಆಡುತ್ತಾರೆ. ಅದಕ್ಕೇ ಪಾಸ್ಕಾ ಎಂದು ಹೆಸರು.

ನಾವು ನೋಡಿದ ಊರಿನಲ್ಲಿ ಯೂದನ ಪಾತ್ರ ಮಾಡಿದವರು ಬೇರೆ ದಿನಗಳಲ್ಲಿ ಸಿಮೆಂಟ್ ಅಂಗಡಿಯಲ್ಲಿ ಕೆಲಸ ಮಾಡುವವರು. ಬೆಳಿಗ್ಗೆ ಟೀ ಕುಡಿಯುವಾಗ ಅವರನ್ನು ಕೇಳಿದೆವು: “ಅಣ್ಣಾ, ಎಲ್ಲರೂ ಬೈಯುವ ಪಾತ್ರ, ಬೇಜಾರಾಗಲ್ವಾ?” ಅವರು ತಮಿಳಿನಲ್ಲಿ ಹೇಳಿದ್ದರ ಸಾರ ಇದು: ಆ ಮೂವತ್ತು ಕಾಸು ಕೈಗೆ ತೆಗೆದುಕೊಳ್ಳುವ ಗಳಿಗೆಯಲ್ಲಿ ಪ್ರತಿ ವರ್ಷವೂ ಕೈ ನಡುಗುತ್ತದೆ, ಕೆಳಗೆ ಕೂತು ನೋಡುವವರಿಗೆ ಅದು ಗೊತ್ತಾಗುವುದಿಲ್ಲ. ನಮ್ಮ ತಮ್ಮ ಆ ಮಾತನ್ನು ಗಮನವಿಟ್ಟು ಕೇಳಿದ್ದು ನಮಗೆ ನೆನಪಿದೆ. ರೈಲಿನಲ್ಲಿ ಇಡೀ ರಾತ್ರಿ ಕಿಟಕಿ ಕಡೆ ಮುಖ ಮಾಡಿದ್ದವನು ಅವನು.

ಕಥೆಯನ್ನು ಕೇಳುವುದಕ್ಕೂ ಕಥೆಯ ಒಳಗೆ ನಿಲ್ಲುವುದಕ್ಕೂ ಇರುವ ಈ ವ್ಯತ್ಯಾಸವೇ ಆರ್‌ಪಿಜಿಗಳ ಬೇರು. ಆದರೆ ಪಾಸ್ಕಾದಲ್ಲಿ ಯೂದನು ಬೇರೆ ದಾರಿ ಹಿಡಿಯುವಂತಿಲ್ಲ. ಕಥೆ ಮೊದಲೇ ಬರೆದಾಗಿದೆ. ಯಕ್ಷಗಾನ, ಬಯಲಾಟಗಳಲ್ಲೂ ಅಷ್ಟೇ, ಪ್ರಸಂಗ ಎಲ್ಲಿ ಮುಗಿಯಬೇಕೋ ಅಲ್ಲೇ ಮುಗಿಯುತ್ತದೆ. ಪಾತ್ರವನ್ನೂ ಕೊಟ್ಟು, “ಈಗ ನೀನು ಏನು ಮಾಡ್ತೀಯ?” ಎಂದೂ ಕೇಳುವ ಆಟ ಹುಟ್ಟಲು ಇನ್ನೂ ಒಂದು ಹೆಜ್ಜೆ ಬೇಕಿತ್ತು. ಆ ಹೆಜ್ಜೆ ಬಂದದ್ದು ಎಲ್ಲಿಂದ ಗೊತ್ತೇ? ಸೈನಿಕರ ಮೇಜಿನಿಂದ.

ಯುದ್ಧದ ಮೇಜಿನಿಂದ ಕಾಗದದ ಪಾತ್ರಕ್ಕೆ

1824ರಲ್ಲಿ ಪ್ರಶಿಯಾದ ಸೇನೆಯ ಯುವ ಅಧಿಕಾರಿ ಗೇಯೋರ್ಗ್ ಹೈನ್‌ರಿಶ್ ಫಾನ್ ರೈಸ್‌ವಿಟ್ಸ್ ಎಂಬವರು ‘ಕ್ರೀಗ್‌ಸ್ಪೀಲ್’ ಎಂಬ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದರು. ನಕ್ಷೆಯ ಮೇಲೆ ಸೈನ್ಯದ ತುಂಡುಗಳನ್ನು ನಡೆಸುವುದು, ದಾಳ ಹಾಕಿ ಸೋಲು ಗೆಲುವು ನೋಡುವುದು, ನಡುವೆ ಒಬ್ಬ ತೀರ್ಪುಗಾರ. ಅಧಿಕಾರಿಗಳ ತರಬೇತಿಗೆಂದು ಮಾಡಿದ ಆಟ ಇದು. ಮುಂದೆ ಯುರೋಪ್, ಅಮೆರಿಕಗಳಲ್ಲಿ ಮೇಜಿನ ಮೇಲಿನ ಯುದ್ಧದಾಟ ದೊಡ್ಡ ಹವ್ಯಾಸವಾಯಿತು.

1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬ ಯುವಕ ನೆಪೋಲಿಯನ್ ಕಾಲದ ಒಂದು ಯುದ್ಧದಾಟ ಏರ್ಪಡಿಸಿದರು. ಆಟಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಜನ ಬಂದರು. ಸೇನಾಪತಿಗಳು ಇಬ್ಬರೇ ಸಾಕು, ಉಳಿದವರಿಗೆ ಏನು ಕೊಡುವುದು? ಆಗ ಅವರು ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರಿನ ಜನರನ್ನು ಹಂಚಿದರು: ನೀನು ಊರಿನ ಮೇಯರ್, ನೀನು ಬ್ಯಾಂಕಿನವನು, ನೀನು ವಿಶ್ವವಿದ್ಯಾಲಯದ ಮುಖ್ಯಸ್ಥ. ಆಟ ಕೈತಪ್ಪಿ ಹೋಯಿತು. ಯಾರೂ ಮೇಜಿನ ಹತ್ತಿರ ನಿಲ್ಲಲಿಲ್ಲ. ಮೂಲೆ ಮೂಲೆಯಲ್ಲಿ ನಿಂತು ಗುಟ್ಟು ಮಾತಾಡಿದರು, ಒಪ್ಪಂದ ಮಾಡಿಕೊಂಡರು, ಸುಳ್ಳು ಹೇಳಿದರು. ಯುದ್ಧ ಶುರುವಾಗಲೇ ಇಲ್ಲ. ಆಟ ಕೆಟ್ಟಿತೆಂದು ವೆಸ್ಲಿ ತಲೆ ಮೇಲೆ ಕೈ ಹೊತ್ತರು. ಆದರೆ ಆಡಿದವರು, ಮತ್ತೆ ಯಾವಾಗ ಇಡ್ತೀಯ ಎಂದು ಬೆನ್ನು ಹತ್ತಿದರು.

ಹಾಗೆ ಬೆನ್ನು ಹತ್ತಿದವರಲ್ಲಿ ಡೇವ್ ಆರ್ನೆಸನ್ ಒಬ್ಬರು. ಅವರು ಅದನ್ನೇ ಬೆಳೆಸಿ, ನೆಲಮಾಳಿಗೆ, ಭೂತ, ಮಾಂತ್ರಿಕರಿರುವ ‘ಬ್ಲ್ಯಾಕ್‌ಮೂರ್’ ಎಂಬ ಲೋಕ ಕಟ್ಟಿದರು. ಗ್ಯಾರಿ ಗೈಗ್ಯಾಕ್ಸ್ ಅದನ್ನು ನೋಡಿ ನಿಯಮ ಬರೆಯಲು ಕೂತರು. ವಿಮಾ ಕಂಪನಿಯ ಕೆಲಸ ಹೋದ ಮೇಲೆ ಚಪ್ಪಲಿ, ಬೂಟು ರಿಪೇರಿ ಮಾಡಿ ಮನೆ ನಡೆಸುತ್ತಿದ್ದ ಮನುಷ್ಯ ಅವರು. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಮೊದಲ ಮುದ್ರಣ 1000 ಪ್ರತಿ ಹೊರಬಂತು. ಜಗತ್ತಿನ ಮೊದಲ ಅಚ್ಚಾದ ಆರ್‌ಪಿಜಿ ಎಂದು ಇದನ್ನೇ ಹೇಳುತ್ತಾರೆ. ಅದಕ್ಕೆ ಪರದೆ ಇಲ್ಲ, ಕರೆಂಟು ಬೇಡ. ಕಾಗದ, ಪೆನ್ಸಿಲ್, ದಾಳ, ಕಥೆ ನಡೆಸುವ ಒಬ್ಬ, ಆಡುವ ನಾಲ್ಕೈದು ಜನ.

ಇಂದಿನ ಗೇಮ್‌ಗಳಲ್ಲಿ ನಾವು ಕಾಣುವುದೆಲ್ಲ ಆ ಪುಸ್ತಿಕೆಗಳಲ್ಲೇ ಇತ್ತು. ನಿನಗೆ ಒಂದು ಹೆಸರು, ಬಲ, ಬುದ್ಧಿ ಎಂಬ ಅಂಕಗಳು. ಸಾಹಸ ಮಾಡಿದಷ್ಟೂ ಅನುಭವದ ಅಂಕ, ಅಂಕ ತುಂಬಿದರೆ ಮೇಲಿನ ಲೆವೆಲ್. ನಿಧಾನವಾಗಿ ಬೆಳೆಯುವ ಈ ಲೆಕ್ಕ ನಮಗೆ ಯಾಕೆ ಹಿಡಿಸುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಮೂರು ವರ್ಷ ಬಿಎಸ್ಸಿ ಓದಿದರೂ ನಾವು ಎಷ್ಟು ಬೆಳೆದೆವು ಎಂದು ತೋರಿಸುವ ಪಟ್ಟಿ ಜೀವನದಲ್ಲಿ ಎಲ್ಲೂ ಇಲ್ಲ. ಗೇಮ್‌ನಲ್ಲಿ ಇದೆ. ಒಂದು ಗಂಟೆ ದುಡಿದರೆ ಒಂದು ಗಂಟೆಯ ಫಲ ಕಣ್ಣಿಗೆ ಕಾಣುತ್ತದೆ.

ಪರದೆಯ ಒಳಗೆ

ಕಾಗದದ ಆಟ ಕಂಪ್ಯೂಟರಿಗೆ ಹೋಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1975ರ ಹೊತ್ತಿಗೆ ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೋ’ ಎಂಬ ಪಾಠದ ಕಂಪ್ಯೂಟರಿನಲ್ಲಿ ಹುಡುಗರು ಇಂಥ ಗೇಮ್‌ಗಳನ್ನು ಬರೆದಿದ್ದರು. ಅವುಗಳಲ್ಲಿ ಒಂದಕ್ಕೆ ‘ಪೆಡಿಟ್5’ ಎಂಬ ಪಾಠದ ಕಡತದಂಥ ಹೆಸರಿತ್ತು. ಮೇಲಿನವರಿಗೆ ಗೊತ್ತಾದ ಮೇಲೆ ಅದನ್ನು ಅಳಿಸಿಹಾಕಿದರು. ಪಾಠದ ಯಂತ್ರದಲ್ಲಿ ಆಟ ಆಡಿ ಬೈಸಿಕೊಳ್ಳುವುದು ನಮ್ಮ ಕಾಲದಲ್ಲಿ ಶುರುವಾದದ್ದಲ್ಲ!

1981ರಲ್ಲಿ ಎರಡು ಗೇಮ್ ಬಂದವು. ‘ವಿಜರ್ಡ್ರಿ’ಯಲ್ಲಿ ಆರು ಜನರ ತಂಡ ಕಟ್ಟಿಕೊಂಡು ಇಳಿಯಬೇಕು, ಒಬ್ಬನೇ ಹೋದರೆ ಬದುಕುವುದು ಕಷ್ಟ. ರಿಚರ್ಡ್ ಗ್ಯಾರಿಯಟ್ ಬರೆದ ‘ಅಲ್ಟಿಮಾ’ದಲ್ಲಿ ಸುತ್ತಾಡಲು ಒಂದು ದೊಡ್ಡ ಲೋಕವೇ ಇತ್ತು. ಇವೆರಡನ್ನೂ ಆಡಿ ಮೆಚ್ಚಿದ ಯೂಜಿ ಹೋರಿಯಿ ಜಪಾನಿನಲ್ಲಿ 1986ರಲ್ಲಿ ‘ಡ್ರಾಗನ್ ಕ್ವೆಸ್ಟ್’ ತಂದರು. ಮರುವರ್ಷ ‘ಫೈನಲ್ ಫ್ಯಾಂಟಸಿ’. 1996ರಲ್ಲಿ ‘ಪೋಕೆಮಾನ್’: ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದ ಸಾತೋಷಿ ತಾಜಿರಿ ಆ ಸಂತೋಷವನ್ನೇ ಗೇಮ್ ಮಾಡಿದರು. ನಮ್ಮಲ್ಲಿ ಹಲವರು ಆರ್‌ಪಿಜಿ ಎಂದು ಗೊತ್ತಿಲ್ಲದೇ ಆಡಿದ ಮೊದಲ ಆರ್‌ಪಿಜಿ ಅದೇ.

ಹೆದರಿಕೆ, ಮತ್ತು ಒಂದು ಒಳ್ಳೆಯ ಉತ್ತರ

ಈ ಚರಿತ್ರೆಯಲ್ಲಿ ಕ್ರೈಸ್ತ ಮನೆಗಳಿಗೂ ಒಂದು ಪಾಲಿದೆ, ಅದನ್ನು ಮುಚ್ಚಿಡುವುದು ಬೇಡ. 1979ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಒಬ್ಬ ವಿದ್ಯಾರ್ಥಿ ಕಾಣೆಯಾದ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಿದ್ದನಂತೆ ಎಂದು ಪತ್ರಿಕೆಗಳು ಬರೆದವು. ಅವನು ಮೊದಲೇ ಬಹಳ ಒಂಟಿತನದಲ್ಲಿ, ಮನಸ್ಸಿನ ನೋವಿನಲ್ಲಿ ಇದ್ದ ಹುಡುಗ ಎಂಬ ಮಾತು ಹೊರಬರುವ ಹೊತ್ತಿಗೆ ತಡವಾಗಿತ್ತು. ಈ ಆಟ ಸೈತಾನನ ಪೂಜೆ ಕಲಿಸುತ್ತದೆ ಎಂಬ ಹೆದರಿಕೆ 1980ರ ದಶಕದುದ್ದಕ್ಕೂ ಅಲ್ಲಿನ ಅನೇಕ ಸಭೆಗಳಲ್ಲಿ, ಶಾಲೆಗಳಲ್ಲಿ ಹಬ್ಬಿತು. ಆಟವನ್ನು ದೂರುವುದು ಸುಲಭ. ಆ ಹುಡುಗನ ಪಕ್ಕದಲ್ಲಿ ಕೂತು ಏನಾಗಿದೆ ಎಂದು ಕೇಳುವುದಕ್ಕೆ ಸಮಯ ಬೇಕು.

ಅದೇ ಕಾಲದಲ್ಲಿ ಗ್ಯಾರಿಯಟ್ ಅವರಿಗೂ ಹೆತ್ತವರಿಂದ ಸಿಟ್ಟಿನ ಪತ್ರಗಳು ಬಂದವು. ಅವರು ಆ ಪತ್ರಗಳನ್ನು ಎಸೆಯಲಿಲ್ಲ. ನನ್ನ ಗೇಮ್‌ನಲ್ಲಿ ಆಟಗಾರ ಕಂಡವರ ಮನೆ ದೋಚಿ, ಕಂಡವರನ್ನು ಕೊಂದು, ಕೊನೆಗೆ ವೀರ ಎನಿಸಿಕೊಳ್ಳುತ್ತಾನಲ್ಲ, ಇದು ಸರಿಯೇ ಎಂದು ಯೋಚಿಸಿದರು. 1985ರಲ್ಲಿ ‘ಅಲ್ಟಿಮಾ 4’ ಬಂತು. ಅದರಲ್ಲಿ ಕೊನೆಗೆ ಕೊಲ್ಲಬೇಕಾದ ದೊಡ್ಡ ಖಳನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಧೈರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮ, ವಿನಯ, ಈ ಎಂಟು ಗುಣಗಳಲ್ಲಿ ಬೆಳೆಯುವುದೇ ಗುರಿ. ಅದರಲ್ಲಿ ಗಿಡಮೂಲಿಕೆ ಮಾರುವ ಒಬ್ಬ ಕುರುಡು ಅಂಗಡಿಯಾಕೆ ಬರುತ್ತಾಳೆ. ಎಷ್ಟು ದುಡ್ಡು ಕೊಡುತ್ತೀರಿ ಎಂದು ನೀವೇ ಹಾಕಬೇಕು. ಕಡಿಮೆ ಕೊಟ್ಟರೆ ಆಕೆಗೆ ಕಾಣುವುದಿಲ್ಲ, ಗೇಮ್ ಕೂಡ ಆ ಕ್ಷಣ ಏನೂ ಹೇಳುವುದಿಲ್ಲ. ಆದರೆ ಲೆಕ್ಕ ಇಟ್ಟಿರುತ್ತದೆ. ಪ್ರಾಮಾಣಿಕತೆಯ ದಾರಿಯಲ್ಲಿ ಮುಂದೆ ಹೋಗಲು ಹೊರಟಾಗ ಆ ಚಿಲ್ಲರೆ ಕಾಸು ಅಡ್ಡ ನಿಲ್ಲುತ್ತದೆ.

ಆ ಗೇಮ್‌ನಲ್ಲಿ ಆಟಗಾರನಿಗೆ ಕೊಟ್ಟ ಹೆಸರು ‘ಅವತಾರ್’. ಹೌದು, ನಮ್ಮ ಅವತಾರವೇ. ಭಾರತದ ಆ ಪದವನ್ನು ಗ್ಯಾರಿಯಟ್ ತೆಗೆದುಕೊಂಡ ಕಾರಣ ಚೆನ್ನಾಗಿದೆ. ಪರದೆಯ ಒಳಗಿರುವವನು ಯಾರೋ ಬೇರೆಯವನಲ್ಲ, ನೀನೇ ಇಳಿದು ಬಂದಿದ್ದೀಯ, ಹಾಗಾಗಿ ಅವನು ಮಾಡಿದ್ದಕ್ಕೆ ನೀನೇ ಹೊಣೆ ಎಂದು ಆಟಗಾರನಿಗೆ ಅನ್ನಿಸಬೇಕಿತ್ತು.

ಹಾಸಿಗೆ ಹಿಡಿದ ಸೈನಿಕನ ಕನಸು

ಇನ್ನೂ ಹಿಂದಿನ ಒಂದು ಘಟನೆ ಈ ವಿಷಯಕ್ಕೆ ಹೊಂದುತ್ತದೆ. ದಿಂಡಿಗಲ್ಲಿನಲ್ಲಿ ಯೇಸುಸಭೆಯ ಬೆಸ್ಕಿ ಕಾಲೇಜಿನ ಮುಂದೆ ಹಾದುಹೋಗುವಾಗ ನಮಗೆ ನೆನಪಾದದ್ದು ಇದು. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಿದ್ದು ಇಗ್ನೇಷಿಯಸ್ ಎಂಬ ಸೈನಿಕನ ಕಾಲು ಮುರಿಯಿತು. ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ ಓದಲು ಶೂರರ ಸಾಹಸಕಥೆಗಳನ್ನು ಕೇಳಿದ. ಇಂದಿನ ಗೇಮ್‌ಗಳ ಕತ್ತಿ, ಕವಚ, ಡ್ರಾಗನ್ ಎಲ್ಲದಕ್ಕೂ ಅಂಥ ಕಥೆಗಳೇ ಅಜ್ಜ. ಮನೆಯಲ್ಲಿ ಅವು ಇರಲಿಲ್ಲ. ಕ್ರಿಸ್ತನ ಜೀವನ ಮತ್ತು ಸಂತರ ಚರಿತ್ರೆ ಕೊಟ್ಟರು.

ಅವನು ಎರಡು ಬಗೆಯ ಕನಸು ಕಾಣುತ್ತಿದ್ದ. ಒಂದರಲ್ಲಿ ತಾನೇ ಶೂರ, ಒಬ್ಬ ದೊಡ್ಡ ಮನೆತನದ ಹೆಣ್ಣಿಗಾಗಿ ಸಾಹಸ ಮಾಡುವವನು. ಅದರಲ್ಲಿ ಮೂರು ನಾಲ್ಕು ಗಂಟೆ ಕಳೆದದ್ದೇ ತಿಳಿಯುತ್ತಿರಲಿಲ್ಲ. ಇನ್ನೊಂದರಲ್ಲಿ ಸಂತರು ಮಾಡಿದ್ದನ್ನು ತಾನೂ ಮಾಡುವವನು. ಎರಡೂ ಕನಸು ಕಾಣುವಾಗ ಸಿಹಿಯೇ. ಆದರೆ ಮುಗಿದ ಮೇಲೆ ಮೊದಲನೆಯದು ಅವನನ್ನು ಒಣಗಿಸಿ ಬಿಡುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಮುಂದೆ ಸಂತನಾದ ಆ ಮನುಷ್ಯ ಕಲ್ಪನೆಯನ್ನು ಬಿಡಿ ಎಂದು ಯಾರಿಗೂ ಹೇಳಲಿಲ್ಲ. ತನ್ನ ‘ಆಧ್ಯಾತ್ಮಿಕ ಸಾಧನೆ’ಯಲ್ಲಿ, ಬೆತ್ಲೆಹೇಮಿನ ಗೋದಲಿಯಲ್ಲಿ ನೀನೂ ಒಬ್ಬ ಬಡ ಆಳಾಗಿ ನಿಂತು ಅವರಿಗೆ ಬೇಕಾದದ್ದು ಮಾಡಿಕೊಡು ಎಂದು ಪ್ರಾರ್ಥಿಸುವವನಿಗೆ ಪಾತ್ರವನ್ನೇ ಕೊಟ್ಟ. ಎದ್ದ ಮೇಲೆ ಒಳಗೆ ಏನು ಉಳಿಯಿತು ಎಂದು ನೋಡಿಕೊಳ್ಳುವುದನ್ನೂ ಕಲಿಸಿದ. ಗೇಮ್ ಆಡುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನಮಗೆ ಸಿಕ್ಕಿಲ್ಲ.

ಒಣಗಿಸುವ ಗೇಮ್‌ಗಳೂ ಇವೆ

ಎಲ್ಲ ಆರ್‌ಪಿಜಿಗಳೂ ಒಂದೇ ಅಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾನೂನು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆರ್‌ಪಿಜಿಗಳಲ್ಲಿ ಹಣ ಗೆಲ್ಲುವುದು ಇಲ್ಲ. ಆದರೆ ಹಣ ಕಳೆಯುವ ದಾರಿ ಕೆಲವದರಲ್ಲಿ ಇದೆ. ಜಪಾನಿನಲ್ಲಿ ಕಾಸು ಹಾಕಿ ತಿರುಗಿಸಿದರೆ ಯಾವುದೋ ಒಂದು ಆಟಿಕೆ ಬೀಳುವ ಯಂತ್ರದ ಹೆಸರಿನಿಂದ ಇದಕ್ಕೆ ‘ಗಾಚಾ’ ಎನ್ನುತ್ತಾರೆ. ಒಳ್ಳೆಯ ಪಾತ್ರ ಬೇಕೆಂದರೆ ಅದೃಷ್ಟದ ಚೀಟಿ ಎತ್ತುತ್ತಲೇ ಇರಬೇಕು. ‘ಗೆನ್‌ಶಿನ್ ಇಂಪ್ಯಾಕ್ಟ್’ ಎಂಬ 2020ರ ಗೇಮ್‌ನಲ್ಲಿ ಐದು ನಕ್ಷತ್ರದ ಪಾತ್ರ ಸಿಗುವ ಮೂಲ ಸಂಭವ 0.6%, 90ನೇ ಸಲದೊಳಗೆ ಒಂದು ಖಂಡಿತ ಸಿಗುತ್ತದೆ. ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿ: ಈ ಮೂಲ ಸಂಭವದಲ್ಲಿ 50 ಸಲ ಎತ್ತಿದ 100 ಜನರಲ್ಲಿ ಸುಮಾರು 74 ಜನರಿಗೆ ಏನೂ ಸಿಗುವುದಿಲ್ಲ. ಯಾವಾಗ ಸಿಗುತ್ತದೋ ತಿಳಿಯದ ಬಹುಮಾನ ಮನಸ್ಸನ್ನು ಹೆಚ್ಚು ಕಟ್ಟಿಹಾಕುತ್ತದೆ ಎಂದು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಇಂಥ ಕಡೆ ಗೇಮ್ “ಏನು ಮಾಡ್ತೀಯ?” ಎಂದು ಕೇಳುವುದನ್ನು ಬಿಟ್ಟು “ಇನ್ನೊಂದ್ಸಲ?” ಎಂದಷ್ಟೇ ಕೇಳುತ್ತದೆ. ಹೆತ್ತವರ ಹೆದರಿಕೆಗೆ ಇಲ್ಲಿ ಕಾರಣ ಇದೆ. ನಮ್ಮ ತಮ್ಮ ಎರಡು ಗಂಟೆ ರಾತ್ರಿ ತನಕ ಕೂರುತ್ತಿದ್ದದ್ದೂ ಇಂಥದ್ದೇ ಗೇಮ್‌ಗೆ.

ಕಂಬಂನಲ್ಲಿ ಒಂದು ರಾತ್ರಿ

ದಿಂಡಿಗಲ್ಲಿನಿಂದ ಬತ್ಲಗುಂಡು, ಪೆರಿಯಕುಳಂ, ತೇನಿ ದಾಟಿ ನಾವು ಕಂಬಂ ಸೇರಿದೆವು. ದ್ರಾಕ್ಷಿ ಚಪ್ಪರ, ತೆಂಗು, ಎರಡೂ ಕಡೆ ಬೆಟ್ಟ. ನಾವು ಉಳಿದ ಮನೆಯ ಅಜ್ಜಿ ನಮ್ಮೊಂದಿಗೆ ಕನ್ನಡದಲ್ಲೇ ಮಾತಾಡಿದರು. ಈ ಕಣಿವೆಯಲ್ಲಿ ಬೇಸಾಯ ಮಾಡುವ ಕಪ್ಪಿಲಿಯರು, ದಿಂಡಿಗಲ್ ಹತ್ತಿರದ ಚಿನ್ನಾಳಪಟ್ಟಿಯ ನೇಕಾರ ದೇವಾಂಗರು ತಲೆತಲಾಂತರದಿಂದ ಮನೆಯಲ್ಲಿ ಕನ್ನಡ ಆಡುವವರು. ಓದು ಬರಹ ಮಾತ್ರ ತಮಿಳು.

ಅಜ್ಜಿ ಹೇಳಿದ್ದು ನೀರಿನ ಕಥೆ. 1876-78ರ ಬರಗಾಲದ ನಂತರ, ಪಶ್ಚಿಮಕ್ಕೆ ಹರಿದು ಸಮುದ್ರ ಸೇರುವ ಪೆರಿಯಾರ್ ನೀರನ್ನು ಬೆಟ್ಟ ಕೊರೆದು ಪೂರ್ವಕ್ಕೆ ತಿರುಗಿಸುವ ಹಳೆಯ ಯೋಚನೆಗೆ ಜೀವ ಬಂತು. 1886ರಲ್ಲಿ ತಿರುವಾಂಕೂರಿನೊಂದಿಗೆ 999 ವರ್ಷದ ಕರಾರು, 1887ರಲ್ಲಿ ಕೆಲಸ ಶುರು, 1895ರಲ್ಲಿ ಮುಗಿಯಿತು. ಸುಣ್ಣ, ಸುರ್ಕಿ, ಕಲ್ಲಿನ ಅಣೆಕಟ್ಟು. ಎಂಜಿನಿಯರ್ ಜಾನ್ ಪೆನ್ನಿಕ್ವಿಕ್. ನಡುವೆ ನೆರೆ ಬಂದು ಕಟ್ಟಿದ್ದೆಲ್ಲ ಕೊಚ್ಚಿಹೋದದ್ದುಂಟು, ಕಾಡಿನ ಜ್ವರಕ್ಕೆ ಕೂಲಿಗಳು ಸತ್ತದ್ದುಂಟು. ಇಂದಿಗೂ ಜನವರಿ 15ರಂದು ಪೆನ್ನಿಕ್ವಿಕ್ ಹುಟ್ಟಿದ ದಿನ ಈ ಜಿಲ್ಲೆಯ ರೈತರು ಪೊಂಗಲ್ ಇಟ್ಟು ನೆನೆಯುತ್ತಾರೆ.

ಅಂದು ರಾತ್ರಿ ಕರೆಂಟು ಹೋಯಿತು. ಅಜ್ಜಿಯ ಮೊಮ್ಮಗಳ ಲೂಡೋ ಡಬ್ಬಿಯಿಂದ ಎರಡು ದಾಳ ತೆಗೆದುಕೊಂಡು, ಮೇಣದಬತ್ತಿ ಹಚ್ಚಿ, 1974ರವರ ಹಾಗೆ ಕಾಗದದ ಆಟ ಕಟ್ಟಿದೆವು. ಕಥೆ ಅಣೆಕಟ್ಟಿನದು. ಒಬ್ಬಳು ಎಂಜಿನಿಯರ್, ಒಬ್ಬ ದಿವಾನರ ಗುಮಾಸ್ತ, ಒಬ್ಬಳು ಸುರ್ಕಿ ಅರೆಯುವ ಹೆಂಗಸು, ಒಬ್ಬ ಗಾಡಿಯವನು, ಒಬ್ಬ ಕಂಬಂನ ರೈತ. ನಮ್ಮ ತಮ್ಮನಿಗೆ ಚೀಟಿಯಲ್ಲಿ ಬಂದದ್ದು ಕೂಲಿಗಳ ಮೇಸ್ತ್ರಿ.

ಆಟದ ನಡುವೆ ಜೋರು ಮಳೆ ತಂದೆವು. ತಾತ್ಕಾಲಿಕ ಕಟ್ಟೆ ಒಡೆಯುವ ಹಾಗಿದೆ. ಆರು ಕೂಲಿಗಳಿಗೆ ಜ್ವರ. ರಾತ್ರಿಯಿಡೀ ಅವರನ್ನು ಇಟ್ಟುಕೊಂಡರೆ ಕಟ್ಟೆ ಉಳಿಯಬಹುದು, ಕೆಳಗೆ ಕಳುಹಿಸಿದರೆ ಎಂಟು ತಿಂಗಳ ಕೆಲಸ ಹೋಗಬಹುದು. “ಮೇಸ್ತ್ರಿ, ಈಗ ನೀನು ಏನು ಮಾಡ್ತೀಯ?”

“ಅಣ್ಣಾ, ಸೇವ್ ಪಾಯಿಂಟ್ ಇದೆಯಾ?” ಎಂದ. ಎಲ್ಲರೂ ನಕ್ಕರು. ಇಲ್ಲ ಎಂದೆವು. ಬಹಳ ಹೊತ್ತು ಯೋಚಿಸಿ, ಇಟ್ಟುಕೊಳ್ತೀನಿ ಎಂದ. ದಾಳ ಹಾಕಿದ, ಎರಡು ಬಿತ್ತು. ಕಟ್ಟೆ ಉಳಿಯಿತು, ಇಬ್ಬರು ಕೂಲಿಗಳು ಬೆಳಿಗ್ಗೆ ಏಳಲಿಲ್ಲ. ಕಥೆ ನಡೆಸುತ್ತಿದ್ದವರು ಸುಮ್ಮನೆ ಕೇಳಿದರು: “ಅವರ ಹೆಸರೇನು?” ಅವನು ಆರೂ ಜನರಿಗೆ ಹೆಸರೇ ಇಟ್ಟಿರಲಿಲ್ಲ. ಕಾಗದ ತಿರುಗಿಸಿ ಎರಡು ಹೆಸರು ಬರೆದ. ಆಮೇಲೆ ಉಳಿದ ನಾಲ್ಕನ್ನೂ ಬರೆದ. ಆಟ ಅಲ್ಲಿಗೇ ನಿಂತಿತು.

ಮಾರನೆಯ ದಿನ ಲೋವರ್ ಕ್ಯಾಂಪಿನಲ್ಲಿರುವ ಪೆನ್ನಿಕ್ವಿಕ್ ಸ್ಮಾರಕಕ್ಕೆ ಹೋದೆವು. ಎಂಜಿನಿಯರ್ ಹೆಸರು ನಮಗೆಲ್ಲ ಗೊತ್ತಿತ್ತು. “ಒಬ್ಬ ಕೂಲಿಯ ಹೆಸರಾದ್ರೂ ನಮ್ಮಲ್ಲಿ ಯಾರಿಗಾದ್ರೂ ಗೊತ್ತಾ ಅಣ್ಣಾ?” ಎಂದ ತಮ್ಮ. ಯಾರಿಗೂ ಗೊತ್ತಿರಲಿಲ್ಲ. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಫೋನು ಕೇಳಿ ಪಡೆದು ಅಪ್ಪನಿಗೆ ಕರೆ ಮಾಡಿದ. ಕ್ಷಮೆ ಕೇಳಿದ್ದೇನೂ ಕೇಳಿಸಲಿಲ್ಲ. “ಅಪ್ಪಾ, ರಾತ್ರಿ ಒಂದು ಆಟ ಆಡಿದ್ವಿ” ಎಂದು ಶುರು ಮಾಡಿದ. ಆ ಕಡೆಯಿಂದ ಬಂದ ಪ್ರಶ್ನೆ ನಮಗೂ ಕೇಳಿಸಿತು: “ಆಮೇಲೆ ಏನಾಯ್ತು?”

ಈಗ ಅವರ ಮನೆಯಲ್ಲಿ ಫೋನು ಬೀರುವಿನಿಂದ ಹೊರಗೆ ಬಂದಿದೆ. ರಾತ್ರಿ ಹತ್ತಕ್ಕೆ ಅಡುಗೆಮನೆಯ ಶೆಲ್ಫಿಗೆ ಹೋಗುತ್ತದೆ. ಗಾಚಾ ಗೇಮ್ ಅವನೇ ತೆಗೆದ. ಜಗಳ ಪೂರ್ತಿ ನಿಂತಿಲ್ಲ, ಆದರೆ ಮಾತು ನಡೆದಿದೆ.

ಹೆತ್ತವರೇ, ಮಗ ಮಗಳು ಗೇಮ್ ಆಡುತ್ತಿದ್ದರೆ ಒಂದು ಸಲ ಪಕ್ಕದಲ್ಲಿ ಕೂತು, ನೀನು ಇದರಲ್ಲಿ ಯಾರು, ಆಮೇಲೆ ಏನಾಯ್ತು ಎಂದು ಕೇಳಿ ನೋಡಿ. ಮಿತ್ರರೇ, ಫೋನು ಕೆಳಗಿಟ್ಟ ಮೇಲೆ ಒಳಗೆ ಏನು ಉಳಿಯಿತು ಎಂದು ನಾವೂ ನಮ್ಮನ್ನೇ ಕೇಳಿಕೊಳ್ಳೋಣ. ಮೇಸ್ತ್ರಿಯ ಆ ಕಾಗದ ನಮ್ಮ ಯುವಕೂಟದ ಕೋಣೆಯ ಗೋಡೆಯಲ್ಲಿ ಇದೆ. ಮುಂದಿನ ಕೂಟಕ್ಕೆ ಬರುವಾಗ ಮನೆಯಲ್ಲಿ ದಾಳ ಇದ್ದರೆ ತನ್ನಿ.